ಹಳೆಯ ಬೈಸಿಕಲ್ಲಿನ ಜೀರ್ಣೋದ್ಧಾರ

ನಮ್ಮ ದೇಶದಲ್ಲಿ ಮನೆಯ ಪದಾರ್ಥಗಳು ಹಳೆಯವಾದ ಮೇಲೆ ಅವಕ್ಕೆ ಎರಡೇ ಗತಿಗಳು. ಒಂದು ದೇವರ ಮನೆ, ಇನ್ನೊಂದು ಗುಜರಿಯ ಅಂಗಡಿ. ಅಜ್ಜಿಯ ಕಾಲದ ತಾಮ್ರದ ಪಂಚಪಾತ್ರೆಯು ಮೊದಲನೆಯದನ್ನು ಸೇರುತ್ತದೆ, ಅಜ್ಜನ ಕಾಲದ ಬೈಸಿಕಲ್ಲು ಎರಡನೆಯದನ್ನು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದಕ್ಕೆ ಸ್ನಾನ, ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ ಎಲ್ಲವೂ ಸಲ್ಲುತ್ತಿದ್ದುದು ನಿಜ. ಆದರೆ ಮಗನು ಮೋಟಾರು ಸೈಕಲ್ಲನ್ನು ತಂದ ವರ್ಷ ಆ ಮರ್ಯಾದೆಯೆಲ್ಲ ಹೊಸಬನಿಗೆ ವರ್ಗವಾಗಿ, ಹಳೆಯದು ಕೊಟ್ಟಿಗೆಯ ಗೋಡೆಗೆ ಒರಗುತ್ತದೆ. ಅದರ ಹ್ಯಾಂಡಲ್ಲಿನ ಮೇಲೆ ಕೋಳಿಗಳು ಮಲಗುವುವು; ಕ್ಯಾರಿಯರಿನ ಮೇಲೆ ಒಣಗಿದ ತೆಂಗಿನ ಗರಿಗಳು ಏರುವುವು. ಕೊನೆಗೊಂದು ದಿನ ತಕ್ಕಡಿಯವನು ಬೀದಿಯಲ್ಲಿ ಕೂಗಿಕೊಂಡು ಬಂದಾಗ, ಹದಿನೆಂಟೋ ಇಪ್ಪತ್ತೋ ಕಿಲೋ ಕಬ್ಬಿಣವೆಂಬ ಲೆಕ್ಕದಲ್ಲಿ ಅದು ಮನೆಯನ್ನು ಬಿಟ್ಟು ಹೋಗುತ್ತದೆ.

ಇಂತಹ ಬೈಸಿಕಲ್ಲುಗಳನ್ನು ಹುಡುಕಿ ತಂದು, ಅವುಗಳ ಕೊಳೆಯನ್ನು ಕಳೆದು, ಕೀಲುಗಳನ್ನು ಸಡಿಲಿಸಿ, ಮತ್ತೆ ನೆಲದ ಮೇಲೆ ಓಡುವಂತೆ ಮಾಡುವುದೊಂದು ಹವ್ಯಾಸವಾಗಿ ಈಚೆಗೆ ಪಟ್ಟಣಗಳಲ್ಲಿ ಬೆಳೆಯುತ್ತಿದೆ. ಪುಣೆಯ ಕರ್ವೆನಗರದಲ್ಲಿ ಶ್ರೀ ವಿಕ್ರಮ್ ಪೆಂಡ್ಸೆಯವರು ನೂರಕ್ಕೆ ಮಿಕ್ಕ ಹಳೆಯ ಬೈಸಿಕಲ್ಲುಗಳನ್ನು ಕೂಡಿಹಾಕಿ, ೨೦೧೭ರಲ್ಲಿ ಅವುಗಳಿಗಾಗಿಯೇ ಒಂದು ಸಂಗ್ರಹಾಲಯವನ್ನು ತೆರೆದರು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಶೂಟಿನ ಸೈನಿಕರಿಗೆಂದು ಬಿ.ಎಸ್.ಎ. ಕಂಪೆನಿಯವರು ತಯಾರಿಸಿದ, ನಡುವೆ ಮಡಚಬಹುದಾದ ಬೈಸಿಕಲ್ಲು ಕೂಡ ಅಂತಹ ಸಂಗ್ರಹಕಾರರ ಆಸ್ತಿ. ನಮ್ಮ ಕರ್ನಾಟಕದಲ್ಲಿ ಧರ್ಮಸ್ಥಳದವರು ಹಳೆಯ ಕಾರುಗಳನ್ನು ಬಲು ಅಕ್ಕರೆಯಿಂದ ಕಾಪಾಡಿದ್ದಾರೆ. ಕಾರುಗಳಿಗೆ ಅರಮನೆ ಸಿಕ್ಕಿತು. ಬೈಸಿಕಲ್ಲಿಗಾದರೋ ಮನೆಯವರ ಕೊಟ್ಟಿಗೆಯೇ ಗತಿ. ಆದಕಾರಣ ಈ ವಿಷಯವನ್ನು ಮನೆಮಂದಿಯ ಮುಂದೆಯೇ ಇಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಮೊದಲು ಇದರ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ೧೮೧೭ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬಾತನು ಎರಡು ಚಕ್ರಗಳನ್ನು ಒಂದರ ಹಿಂದೊಂದು ಕಟ್ಟಿ, ಕಾಲಿನಿಂದ ನೆಲವನ್ನು ಒದ್ದು ಸಾಗಿದನು, ಅದಕ್ಕೆ ಪೆಡಲಿರಲಿಲ್ಲ. ಆಮೇಲೆ ಮುಂದಿನ ಚಕ್ರವು ಆಳೆತ್ತರ, ಹಿಂದಿನದು ಮೊರದಗಲ ಇರುವ ಎತ್ತರದ ಬಂಡಿಗಳು ಬಂದವು. ಅವುಗಳಿಂದ ಬಿದ್ದವರು ತಲೆಯ ಮೇಲೆಯೇ ಬೀಳುತ್ತಿದ್ದರು. ೧೮೮೫ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆಯು ಚಕ್ರಗಳನ್ನು ತಗ್ಗಿಸಿ, ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವ ‘ರೋವರ್’ ಬೈಸಿಕಲ್ಲನ್ನು ನಿರ್ಮಿಸಿದನು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಬಂಡಿಗೆ ಗಾಳಿ ತುಂಬಿದ ರಬ್ಬರನ್ನು ಸುತ್ತಿದನು. ಅಲ್ಲಿಗೆ ಬೈಸಿಕಲ್ಲಿನ ಅವತಾರವು ಪೂರ್ಣವಾಯಿತೆನ್ನಬೇಕು. ಅಂದಿನ ರೂಪಕ್ಕೂ ಇಂದು ನಮ್ಮೂರ ಹಾಲಿನವನು ತುಳಿಯುವುದರ ರೂಪಕ್ಕೂ ಹೆಚ್ಚಿನ ಭೇದವಿಲ್ಲ.

ಈ ಯಂತ್ರವು ಕನ್ನಡನಾಡಿಗೆ ಬಂದಾಗ ಜನರು ಎಷ್ಟು ಬೆರಗಾಗಿರಬಹುದು ಎಂಬುದನ್ನು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರು ಬಲ್ಲರು. ಅಲ್ಲಿ ಮಲೆನಾಡಿನವರ ಬಾಯಲ್ಲಿ ಬೈಸಿಕಲ್ಲು ‘ಬೀಸೆಕಲ್ಲು’ ಆಗುತ್ತದೆ. ಸಂಸ್ಕೃತ ಪಂಡಿತರು ಎಷ್ಟು ದ್ವಿಚಕ್ರಿಕೆಗಳನ್ನು ಹೊಸೆದರೂ ಆ ಬೀಸುವ ಕಲ್ಲಿನ ಮುಂದೆ ಅವು ನಿಲ್ಲಲಾರವು. ತಿರುಗುವುದೇ ಅದರ ಧರ್ಮವೆಂಬುದನ್ನು ಹಳ್ಳಿಯವನು ಕೇಳಿದ ಕೂಡಲೇ ಗ್ರಹಿಸಿದನಲ್ಲವೆ!

ನಾವಿರುವ ಹರದನಹಳ್ಳಿಯು ಹೊಳೆನರಸೀಪುರ ತಾಲ್ಲೂಕಿಗೆ ಸೇರಿದ್ದು. ಹೊರಗಿನವರಿಗೆ ಇದು ೧೯೯೬ರಲ್ಲಿ ಭಾರತದ ಪ್ರಧಾನಮಂತ್ರಿಗಳಾದ ಶ್ರೀ ದೇವೇಗೌಡರು ಹುಟ್ಟಿದ ಊರೆಂದು ಪರಿಚಿತವಾಗಿದೆ. ಹಳಗನ್ನಡದಲ್ಲಿ ಪರದ ಅಥವಾ ಹರದನೆಂದರೆ ವರ್ತಕ. ಹೆಸರಿನಲ್ಲಿಯೇ ವ್ಯಾಪಾರವಿರುವ ಊರಿನಲ್ಲಿ ಹಳೆಯ ಕಬ್ಬಿಣವನ್ನು ಮಾರದೆ ಕೊಂಡು ತಂದು ಇಡುವವರು ನಾವೊಬ್ಬರೇ ಎಂದು ನೆರೆಯವರು ನಗುವುದುಂಟು. ನಮ್ಮ ದನಗಳಿಲ್ಲದ ಕೊಟ್ಟಿಗೆಯಲ್ಲಿ ಈಗ ಏಳು ಬೈಸಿಕಲ್ಲುಗಳು ನಿಂತಿವೆ. ಅವುಗಳಲ್ಲಿ ಐದು ಓಡುತ್ತವೆ, ಒಂದು ಓಡಲು ಮನಸ್ಸು ಮಾಡುತ್ತಿದೆ. ಇನ್ನೊಂದು ಕೇವಲ ಮೂಳೆಗಳ ಹಂದರ.

ಈ ಸೀಮೆಯಲ್ಲಿ ಬೈಸಿಕಲ್ಲು ಎಂದೂ ವಿನೋದದ ವಸ್ತುವಾಗಿರಲಿಲ್ಲ. ಶಾನುಭೋಗರು, ಅಂಚೆಯವರು, ಸಿಡುಬಿನ ಚುಚ್ಚುಮದ್ದಿನವರು, ಐದಾರು ಮೈಲಿಯಾಚೆಯ ಶಾಲೆಗೆ ಹೋಗಿಬರುತ್ತಿದ್ದ ಉಪಾಧ್ಯಾಯರು ಇವರೆಲ್ಲರ ಕಾಲುಗಳೂ ಅದರಿಂದಲೇ ಬೆಳೆದವು. ಚನ್ನರಾಯಪಟ್ಟಣದ ಕಡೆಯಿಂದ ತೆಂಗಿನಕಾಯಿಯ ಮೂಟೆಗಳು, ಹಾಸನದ ಸುತ್ತಿನಿಂದ ಆಲೂಗೆಡ್ಡೆಯ ಚೀಲಗಳು, ಬೆಳಗಿನ ಜಾವದಲ್ಲಿ ಹಾಲಿನ ಕ್ಯಾನುಗಳು ಅದರ ಕ್ಯಾರಿಯರಿನ ಮೇಲೆಯೇ ಸಾಗಿದವು. ಜ್ವರ ಬಂದ ಮಗುವನ್ನು ಮುಂದಿನ ಸರಳಿನ ಮೇಲೆ ಟವಲು ಸುತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ತುಳಿದ ತಂದೆಯರು ಪ್ರತಿಯೊಂದು ಮನೆಯಲ್ಲಿಯೂ ಇದ್ದರು. ಆದುದರಿಂದ, ಇಂತಹ ಒಂದು ಬೈಸಿಕಲ್ಲನ್ನು ನೋಡುವಾಗ ಅದು ಯಾವ ಕಂಪೆನಿಯದು ಎಂಬುದು ಅರ್ಧ ಪ್ರಶ್ನೆ ಮಾತ್ರ. ಅದು ಯಾರನ್ನು ಹೊತ್ತಿತ್ತು ಎಂಬುದು ಉಳಿದರ್ಧ.

ಮೊದಲರ್ಧದ ಉತ್ತರವನ್ನು ಪಡೆಯುವುದು ಸುಲಭ. ಬಲು ಸ್ವಾರಸ್ಯವಾದುದೂ ಹೌದು. ದೇವಾಲಯದ ಬಾಗಿಲಲ್ಲಿ ಲಾಂಛನವನ್ನು ನೋಡಿ ರಾಜವಂಶವನ್ನು ಹೇಳುವ ಹಾಗೆ, ಪೆಡಲಿನ ಬಳಿಯ ದೊಡ್ಡ ಹಲ್ಲಿನ ಚಕ್ರವನ್ನು ನೋಡಿ ಬೈಸಿಕಲ್ಲಿನ ಕುಲವನ್ನು ಹೇಳಬಹುದು. ಇಂಗ್ಲೆಂಡಿನ ಕಂಪೆನಿಗಳು ಆ ಚಕ್ರದ ನಡುವಿನ ಉಕ್ಕನ್ನು ತಮ್ಮ ಗುರುತಿನ ಆಕಾರಕ್ಕೆ ಕತ್ತರಿಸುತ್ತಿದ್ದುವು. ನಾಟಿಂಗ್‌ಹ್ಯಾಮಿನ ರ್‍ಯಾಲೆಯಾದರೆ ಉದ್ದ ಕೊಕ್ಕಿನ ಬಕಪಕ್ಷಿ; ರಡ್ಜ್ ಆದರೆ ಎತ್ತಿದ ಅಂಗೈ; ಹಂಬರ್ ಆದರೆ ಸುತ್ತಲೂ ಕೈಕಾಲು ಚಾಚಿದ ಐದು ಮಂದಿ ಪುಟ್ಟ ಮನುಷ್ಯರು. ಬಿ.ಎಸ್.ಎ. ಕಂಪೆನಿಯು ೧೮೬೧ರಲ್ಲಿ ಬರ್ಮಿಂಗ್‌ಹ್ಯಾಮಿನ ಬಂದೂಕು ತಯಾರಕರಿಂದ ಹುಟ್ಟಿದ್ದಾದುದರಿಂದ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕುಗಳೇ ಅದರ ಮುದ್ರೆ. ಹಂಬರಿನ ಮುಂದಿನ ಕವಲು ಒಂದೊಂದು ಬದಿಯಲ್ಲಿಯೂ ಜೋಡಿ ಕೊಳವೆಗಳಿಂದ ಕೂಡಿರುವುದುಂಟು. ಒಮ್ಮೆ ಕಂಡವರು ಅದನ್ನು ಮರೆಯರು.

ಕಾಲನಿರ್ಣಯಕ್ಕೆ ಸ್ವಲ್ಪ ಹೆಚ್ಚು ತಾಳ್ಮೆ ಬೇಕು. ಹ್ಯಾಂಡಲ್ಲು ಮೊದಲಾದ ಬಿಳಿಯ ಭಾಗಗಳ ಹೊಳಪಿನಲ್ಲಿ ಕಿಂಚಿತ್ ಹಳದಿಯ ಛಾಯೆಯಿದ್ದರೆ ಅದು ನಿಕ್ಕಲಿನ ಲೇಪವಾಗಿರಬಹುದು. ಕ್ರೋಮಿಯಮ್ ಲೇಪವು ಬಳಕೆಗೆ ಬಂದುದು ೧೯೩೦ರ ಸುಮಾರಿಗೆ. ಯುದ್ಧಕಾಲದಲ್ಲಿ ಲೇಪದ ಲೋಹಗಳಿಗೆ ಅಭಾವವುಂಟಾಗಿ ಬಿಳಿಯ ಭಾಗಗಳಿಗೂ ಕರಿಯ ಬಣ್ಣವನ್ನೇ ಬಳಿಯುತ್ತಿದ್ದರು. ಹಿಂದಿನ ಚಕ್ರದಲ್ಲಿ ಸ್ಟರ್ಮಿ-ಆರ್ಚರ್ ಕಂಪೆನಿಯ ಮೂರು ವೇಗದ ಹಬ್ಬು ಇದ್ದರೆ ಅದೃಷ್ಟವೆನ್ನಬೇಕು. ನಮ್ಮ ಕಡೆ ಅದು ವಿರಳ. ಆದರೆ ಅದರ ಮೈಮೇಲೆ ತಯಾರಾದ ವರ್ಷವನ್ನೇ ಅಚ್ಚೊತ್ತಿರುತ್ತಾರೆ. ೫೨ ಎಂದಿದ್ದರೆ ೧೯೫೨ ಎಂದು ತಿಳಿಯಬೇಕು. ಆದರೂ ಹಬ್ಬಿನ ವಯಸ್ಸೇ ಬೈಸಿಕಲ್ಲಿನ ವಯಸ್ಸೆಂದು ನಂಬುವಂತಿಲ್ಲ; ಎತ್ತಿನ ಗಾಡಿಗೆ ಹೊಸ ಗಾಲಿ ಹಾಕಿದ ಮಾತ್ರಕ್ಕೆ ಮೂಕಿ ಹೊಸದಾಗುವುದೆ?

ಇಲ್ಲಿ ಒಂದು ಭ್ರಮೆಯನ್ನು ಕಳೆಯಬೇಕಾಗಿದೆ. ಮಾರುವವರೆಲ್ಲರೂ ತಮ್ಮ ಕೈಯಲ್ಲಿರುವುದು ‘ಬ್ರಿಟಿಷರ ಕಾಲದ್ದು’ ಎನ್ನುವರು. ತೂಕಕ್ಕೆ ಹಾಕಲು ಸಿದ್ಧರಾಗಿದ್ದ ಮನೆಯವರೇ, ನಾವು ಬಾಗಿಲಲ್ಲಿ ನಿಂತು ಕೇಳಿದ ಕೂಡಲೇ, ಯಾರೋ ದೊರೆಯು ಸವಾರಿ ಮಾಡಿದ್ದನೆಂಬ ಕಥೆಯನ್ನು ಹೆಣೆದುದನ್ನು ಕಂಡಿದ್ದೇವೆ. ವಾಸ್ತವದಲ್ಲಿ ನಮ್ಮ ಹಳ್ಳಿಗಳಲ್ಲಿ ಸಿಕ್ಕುವ ರ್‍ಯಾಲೆ, ಹರ್ಕ್ಯುಲಿಸ್, ಫಿಲಿಪ್ಸ್‌ಗಳಲ್ಲಿ ಬಹುಭಾಗವು ಸ್ವಾತಂತ್ರ್ಯಾನಂತರ ಇಲ್ಲಿಯೇ ಹುಟ್ಟಿದವು. ೧೯೪೯ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪಿತವಾಗಿ ಹರ್ಕ್ಯುಲಿಸ್ ಬೈಸಿಕಲ್ಲುಗಳನ್ನು ಮಾಡತೊಡಗಿತು. ಬಂಗಾಳದ ಆಸನ್‌ಸೋಲಿನಲ್ಲಿ ಸೇನ್-ರ್‍ಯಾಲೆ ಕಾರ್ಖಾನೆಯು ಎದ್ದಿತು. ಸೋನೆಪತ್ತಿನ ಅಟ್ಲಾಸ್ ೧೯೫೧ರಲ್ಲಿ, ಲೂಧಿಯಾನದ ಹೀರೋ ೧೯೫೬ರಲ್ಲಿ ಪ್ರಾರಂಭವಾದವು. ಮುಂದಿನ ಕೊಳವೆಯ ಮೇಲಿನ ಲೋಹದ ಬಿಲ್ಲೆಯನ್ನು ಎಣ್ಣೆಬಟ್ಟೆಯಿಂದ ಒರಸಿ ಓದಿದರೆ ಊರು ಯಾವುದೆಂಬುದು ತಿಳಿಯುತ್ತದೆ. ಆಸನ್‌ಸೋಲಿನದೆಂದು ತಿಳಿದ ಕೂಡಲೇ ಮುಖ ಸಿಂಡರಿಸಿಕೊಳ್ಳುವ ಸಂಗ್ರಹಕಾರರನ್ನು ನಾವು ಮೆಚ್ಚುವುದಿಲ್ಲ. ನಾಟಿಂಗ್‌ಹ್ಯಾಮಿನ ಬೈಸಿಕಲ್ಲು ಅಮಲ್ದಾರರನ್ನು ಹೊತ್ತಿರಬಹುದು. ಈ ಸೀಮೆಯ ರಾಗಿಯನ್ನೂ ಮಕ್ಕಳನ್ನೂ ಹೊತ್ತುದು ಆಸನ್‌ಸೋಲು ಮದರಾಸುಗಳ ಬೈಸಿಕಲ್ಲೇ. ಮೇಲಾಗಿ, ಇವೂ ಈಗ ಎಪ್ಪತ್ತರ ಹತ್ತಿರ ಬಂದಿವೆ. ಅಟ್ಲಾಸಿನವರ ಸಾಹಿಬಾಬಾದ್ ಕಾರ್ಖಾನೆಯು ೨೦೨೦ರ ಜೂನ್ ೩ರಂದು, ವಿಶ್ವ ಬೈಸಿಕಲ್ಲು ದಿನದಂದೇ, ಬಾಗಿಲು ಹಾಕಿತು. ನಿನ್ನೆಯವರೆಗೆ ಸಾಮಾನ್ಯವಾಗಿದ್ದುದು ಇಂದು ಪುರಾತನವಾಗುವ ವೇಗವು ಹೀಗಿದೆ.

ಇನ್ನು ಎರಡನೆಯ ಅರ್ಧಕ್ಕೆ ಬರೋಣ. ಅರಕಲಗೂಡು ಕಡೆಯ ಮಿತ್ರರೊಬ್ಬರ ತಂದೆಯವರು ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ಅವರ ಹಂಬರ್ ಬೈಸಿಕಲ್ಲು ಇಪ್ಪತ್ತು ವರ್ಷ ಅಟ್ಟದ ಕೆಳಗೆ ನಿಂತಿತ್ತು. ಮಗನು ಪಿತೃಭಕ್ತಿಯಿಂದಲೇ ಅದನ್ನು ನಗರಕ್ಕೆ ಸಾಗಿಸಿ, ಇಂತಹ ಕೆಲಸದಲ್ಲಿ ನಿಪುಣರೆನಿಸಿಕೊಂಡವರ ಕೈಗೆ ಒಪ್ಪಿಸಿದರು. ಅವರು ಮರಳಿನ ರಭಸದಿಂದ ಹಳೆಯ ಬಣ್ಣವನ್ನೆಲ್ಲ ಕಿತ್ತು, ಹೊಸ ಬಣ್ಣದ ಪುಡಿಯನ್ನು ಒಲೆಯಲ್ಲಿ ಕಾಯಿಸಿ ಅಂಟಿಸಿ, ಹೊಳೆಹೊಳೆಯುವ ಕೆಂಪು ಬೈಸಿಕಲ್ಲನ್ನು ಹಿಂದಿರುಗಿಸಿದರು. ಖರ್ಚು ಹೊಸ ಬೈಸಿಕಲ್ಲು ನಾಲ್ಕಕ್ಕೆ ಸಾಲುವಷ್ಟು. ಬಂದವರೆಲ್ಲ ಹೊಗಳಿದರು, ಫೋಟೋ ತೆಗೆಸಿಕೊಂಡರು. ಮಿತ್ರರ ತಾಯಿಯವರಿಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಅವರನ್ನು ಕೈಹಿಡಿದು ಕರೆತಂದು ನಿಲ್ಲಿಸಿದಾಗ ಆಕೆ ಬಗ್ಗಿ ಚೈನಿನ ಕವಚದ ಮೇಲೆ ಬೆರಳಾಡಿಸಿದರು. ಅಲ್ಲಿ ಪೇಟೆಯ ಬೋರ್ಡು ಬರೆಯುವವನು ಹಳದಿ ಬಣ್ಣದಲ್ಲಿ ಯಜಮಾನರ ಹೆಸರನ್ನೂ ಊರನ್ನೂ ದಪ್ಪವಾಗಿ ಬರೆದಿದ್ದನಂತೆ. ಆ ಅಕ್ಷರಗಳು ಬೆರಳಿಗೆ ತಿಳಿಯುವಂತೆ ಉಬ್ಬಿದ್ದುವಂತೆ. ಆಕೆ ಒಂದು ಸಲ, ಎರಡು ಸಲ ಸವರಿ, “ಇದು ಯಾರ ಸೈಕಲ್ಲೋ ಮಗ?” ಎಂದು ಕೇಳಿದರು. ಮಿತ್ರರು ಆ ಮಾತನ್ನು ನಮಗೆ ಹೇಳಿದುದು ಬಹಳ ದಿನಗಳ ಮೇಲೆ.

ಸಂಸ್ಕೃತದಲ್ಲಿ ಜೀರ್ಣೋದ್ಧಾರವೆಂಬ ಮಾತುಂಟು. ಆಗಮಗ್ರಂಥಗಳಲ್ಲಿ ಅದಕ್ಕೆ ಪ್ರತ್ಯೇಕ ಪ್ರಕರಣವೇ ಇರುವುದುಂಟು. ಉದ್ಧಾರವೆಂದರೆ ಮೇಲಕ್ಕೆತ್ತುವುದು. ಬಿದ್ದುದನ್ನು ಎತ್ತಿ ನಿಲ್ಲಿಸುವುದಕ್ಕೂ ಇದ್ದುದನ್ನು ಕಿತ್ತು ಹೊಸದನ್ನು ಮಾಡುವುದಕ್ಕೂ ಅಜಗಜಾಂತರವಾದ ವ್ಯತ್ಯಾಸ. ನಮ್ಮ ಹಾಸನ ಜಿಲ್ಲೆಯವರಿಗೆ ಇದನ್ನು ಹೆಚ್ಚಾಗಿ ಬಿಡಿಸಿ ಹೇಳಬೇಕಾಗಿಲ್ಲ. ಬೇಲೂರಿನ ಮದನಿಕೆಯ ಮೂಗು ಮುಕ್ಕಾಗಿದೆಯೆಂದು ಆಕೆಗೆ ಸಿಮೆಂಟಿನ ಮೂಗನ್ನಿಟ್ಟು ಬಣ್ಣ ಹೊಡೆಯಲು ಯಾರಾದರೂ ಹೊರಟರೆ ನಾವು ಸುಮ್ಮನಿರುವೆವೆ? ಬೈಸಿಕಲ್ಲಿಗೂ ಅದೇ ನ್ಯಾಯ. ಬಣ್ಣವನ್ನು ಎಷ್ಟು ಸಲ ಬೇಕಾದರೂ ಬಳಿಯಬಹುದು. ಕಾರ್ಖಾನೆಯಲ್ಲಿ ಹೊದಿಸಿದ ಮೊದಲಿನ ಬಣ್ಣ, ಅದರ ಮೇಲೆ ಎಳೆದ ಚಿನ್ನದ ಗೆರೆ, ಒಡೆಯನು ಬರೆಯಿಸಿದ ಹೆಸರು, ಪುರಸಭೆಯವರು ತೆರಿಗೆ ವಸೂಲು ಮಾಡಿ ಕೊಡುತ್ತಿದ್ದ ಬಿಲ್ಲೆಯನ್ನು ಕಟ್ಟಿದ್ದ ತಂತಿಯ ಗುರುತು ಇವು ಹೋದರೆ ಹೋದುವೇ. ಕ್ಯಾರಿಯರಿನ ಒಂದು ಬದಿ ಮಾತ್ರ ತಗ್ಗಿದ್ದರೆ ಅಲ್ಲಿ ಯಾವಾಗಲೂ ಒಂದು ಭಾರವು ಕೂರುತ್ತಿತ್ತೆಂದು ಅರ್ಥ. ಅದನ್ನು ನೆಟ್ಟಗೆ ಮಾಡುವ ಮೊದಲು ಯಾರ ಭಾರವೆಂದು ಮನೆಯಲ್ಲಿ ಕೇಳಿ ನೋಡಬೇಕು. ಬಣ್ಣವೇ ಇಲ್ಲದೆ ತುಕ್ಕು ಉಕ್ಕನ್ನು ತಿಂದು ತೂತು ಮಾಡುತ್ತಿದ್ದರೆ ಹೊಸ ಬಣ್ಣ ಬಳಿಯುವುದು ಅನಿವಾರ್ಯ. ಅದನ್ನು ನಾವು ನಿಷೇಧಿಸುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಬಣ್ಣವು ಉಳಿದಿದ್ದರೆ ಮಾತ್ರ ಕೈ ತಡೆಯಬೇಕು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಬಿಚ್ಚುವುದಕ್ಕೆ ಮುಂಚೆ ನಾಲ್ಕು ಕಡೆಯಿಂದಲೂ ಚಿತ್ರವನ್ನು ತೆಗೆದಿಡಬೇಕು. ಈಗ ಎಲ್ಲರ ಜೇಬಿನಲ್ಲಿಯೂ ಕ್ಯಾಮರಾ ಇರುವುದರಿಂದ ಇದಕ್ಕೆ ಖರ್ಚಿಲ್ಲ. ಬಳಿಕ ಮೆತ್ತನೆಯ ಹಳೆಯ ಪಂಚೆಯ ತುಂಡನ್ನು ತೆಳುವಾದ ಯಂತ್ರದ ಎಣ್ಣೆಯಲ್ಲಿ ಅದ್ದಿ ಬಣ್ಣದ ಮೇಲಿನ ಕೊಳೆಯನ್ನು ಒರಸಬೇಕು. ಒಂದು ಸಂಜೆಗೆ ಒಂದು ಗೇಣು ಸಾಕು. ಪೆಟ್ರೋಲು, ತಿನ್ನರುಗಳನ್ನು ಹತ್ತಿರ ತರಬಾರದು. ಕಂಪೆನಿಯ ಹೆಸರಿನ ಅಕ್ಷರಗಳೂ ಚಿನ್ನದ ಗೆರೆಗಳೂ ಅವುಗಳಲ್ಲಿ ಕರಗಿಹೋಗುತ್ತವೆ. ಕರ್ರಗೆ ಮೆತ್ತಿಕೊಂಡ ಹೊಗೆಯ ಕೆಳಗಿನಿಂದ ಮೊದಲ ಚಿನ್ನದ ಗೆರೆಯು ಮೂಡಿ ಬರುವಾಗಿನ ಸಂತೋಷವು ತಾಳೆಗರಿಗೆ ಮಸಿ ಸವರಿ ಅಕ್ಷರ ಕಾಣಿಸಿಕೊಂಡಾಗಿನ ಸಂತೋಷಕ್ಕೆ ಸಮಾನವಾದುದು.

ಕ್ರೋಮಿಯಮ್ ಭಾಗಗಳ ತುಕ್ಕಿಗೆ ಅಡಿಗೆಮನೆಯೇ ಔಷಧಾಲಯ. ಚಪಾತಿಯನ್ನು ಸುತ್ತಲು ಬಳಸುವ ಅಲ್ಯುಮಿನಿಯಮ್ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ತುಕ್ಕು ಬಿಡುತ್ತದೆ, ಹೊಳಪಿಗೆ ಗೀರು ಬೀಳುವುದಿಲ್ಲ. ಬಣ್ಣವೂ ಲೇಪವೂ ಇಲ್ಲದ ಸಣ್ಣ ಉಕ್ಕಿನ ತುಣುಕುಗಳನ್ನು ಹುಣಿಸೆಹಣ್ಣಿನ ಗಟ್ಟಿ ರಸದಲ್ಲಿ ಒಂದು ರಾತ್ರಿ ನೆನೆಯಿಟ್ಟರೆ, ಅದರ ಹುಳಿಯು ತುಕ್ಕನ್ನು ಕರಗಿಸುತ್ತದೆ. ಹಿತ್ತಾಳೆಯ ಪಾತ್ರೆಯನ್ನು ಬೆಳಗುವ ಗೃಹಿಣಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಉಕ್ಕು ಹಿತ್ತಾಳೆಯಂತಲ್ಲ. ತೊಳೆದ ಕೂಡಲೇ ಬಿಸಿಲಿನಲ್ಲಿ ಒಣಗಿಸಿ ಎಣ್ಣೆ ಹಚ್ಚದಿದ್ದರೆ ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ. ಹಳದಿ ಛಾಯೆಯ ನಿಕ್ಕಲನ್ನು ಮಾತ್ರ ಹುಣಿಸೆಯಲ್ಲಿ ಮುಳುಗಿಸಬಾರದು, ಗಟ್ಟಿಯಾಗಿ ಉಜ್ಜಲೂಬಾರದು. ಎಣ್ಣೆಬಟ್ಟೆಯೊಂದೇ ಅದಕ್ಕೆ ಸಾಕು.

ಎಲ್ಲಕ್ಕಿಂತ ಕಠಿಣವಾದುದು ಪೆಡಲಿನ ಕೋಲನ್ನು ಅಚ್ಚಿಗೆ ಬಿಗಿದಿರುವ ಕಾಟರ್ ಪಿನ್ನು. ನಲವತ್ತು ವರ್ಷದ ತುಕ್ಕಿನಿಂದ ಅದು ಅಚ್ಚಿನೊಡನೆ ಏಕಜೀವವಾಗಿರುತ್ತದೆ. ಆತುರಗಾರರು ಸುತ್ತಿಗೆಯಿಂದ ಹೊಡೆದು ಪಿನ್ನಿನ ತಲೆಯನ್ನು ಅಣಬೆಯಂತೆ ಮಾಡಿಬಿಡುವರು. ಸೀಮೆಎಣ್ಣೆಯೊಡನೆ ಸ್ವಲ್ಪ ಯಂತ್ರದ ಎಣ್ಣೆಯನ್ನು ಬೆರೆಸಿ ಎರಡು ದಿನ ಹನಿಹನಿಯಾಗಿ ಬಿಡುತ್ತಿರಬೇಕು. (ಸೀಮೆಎಣ್ಣೆಯು ಈಗ ಕಸ್ತೂರಿಯಷ್ಟು ದುರ್ಲಭ, ಡೀಸೆಲ್ಲಾದರೂ ಆದೀತು.) ಆಮೇಲೆ ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮನಾಗುವವರೆಗೆ ಮಾತ್ರ ಸಡಿಲಿಸಿ, ಪೆಡಲಿನ ಕೋಲಿನ ಕೆಳಗೆ ದಪ್ಪನಾದ ಕಬ್ಬಿಣದ ಕೊಳವೆಯ ತುಂಡೊಂದನ್ನು ನೆಲದಿಂದ ಆನಿಕೆಯಾಗಿ ಕೊಟ್ಟು, ಒಂದೇ ಒಂದು ಪೆಟ್ಟನ್ನು ನೇರವಾಗಿ ಹಾಕಬೇಕು. ಆನಿಕೆಯಿಲ್ಲದೆ ಹೊಡೆದ ಪೆಟ್ಟು ಒಳಗಿನ ಗುಂಡುಗಳನ್ನೂ ಬಟ್ಟಲುಗಳನ್ನೂ ನೋಯಿಸುತ್ತದೆ. ಒಳಗೆ ತೆರೆದಾಗ ಗುಂಡುಗಳನ್ನು ಎಣಿಸಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಮುಂದಿನ ಚಕ್ರದ ಒಂದೊಂದು ಬದಿಗೆ ೧೦, ಹಿಂದಿನದಕ್ಕೆ ೯, ಪೆಡಲಿನ ಅಚ್ಚಿಗೆ ೧೧.

ಬಟ್ಟಲುಗಳನ್ನು ಬದಲಾಯಿಸುವಾಗ ಒಂದು ಎಚ್ಚರ ಬೇಕು. ಇಂಗ್ಲೆಂಡಿನ ಬಹುಪಾಲು ಬೈಸಿಕಲ್ಲುಗಳಲ್ಲಿ ಈ ಬಟ್ಟಲಿಗೆ ಅಂಗುಲವೊಂದಕ್ಕೆ ೨೪ ಸುತ್ತಿನ ಮರೆ. ರ್‍ಯಾಲೆಯವರು ಮಾತ್ರ ತಮ್ಮದೇ ಆದ ೨೬ ಸುತ್ತಿನ ಮರೆಯನ್ನು ಇಟ್ಟುಕೊಂಡಿದ್ದರು. ಒಂದನ್ನು ಇನ್ನೊಂದಕ್ಕೆ ಬಲಾತ್ಕಾರದಿಂದ ತಿರುಗಿಸಿ ಎರಡನ್ನೂ ಕೆಡಿಸಿದವರು ಬಹಳ ಮಂದಿ. ಟೈರಿನ ವಿಷಯದಲ್ಲಿ ನಮ್ಮ ದೇಶದವರು ಭಾಗ್ಯವಂತರು. ಹಳೆಯ ೨೮ ಅಂಗುಲದ ಚಕ್ರಕ್ಕೆ ಬೇಕಾದ ಒಂದೂವರೆ ಅಂಗುಲದ ಟೈರು ಇಂಗ್ಲೆಂಡಿನ ಅಂಗಡಿಗಳಲ್ಲಿ ಸುಲಭವಾಗಿ ಸಿಕ್ಕದು. ಹೊಳೆನರಸೀಪುರದ ಪೇಟೆಯಲ್ಲಿ ಕೇಳಿದರೆ ಕೂಡಲೇ ಮೊಳೆಯಿಂದಿಳಿಸಿ ಕೊಡುವರು.

ಚರ್ಮದ ಸೀಟನ್ನು ಕುರಿತು ಎರಡು ಮಾತು. ಬರ್ಮಿಂಗ್‌ಹ್ಯಾಮಿನ ಬ್ರೂಕ್ಸ್ ಎಂಬಾತನು ೧೮೮೨ರಲ್ಲಿ ಸೀಟಿನ ಹಕ್ಕುಪತ್ರವನ್ನು ಪಡೆದನು. ಆತನ ಹೆಸರಿನ ದಪ್ಪ ಚರ್ಮದ ಸೀಟು ಕುಳಿತವನ ದೇಹಕ್ಕೆ ಹೊಂದಿಕೊಳ್ಳುತ್ತ ಬರುತ್ತದೆ. ಒಣಗಿ ಬಿರುಕು ಬಿಟ್ಟಿತೆಂದು ಅದಕ್ಕೆ ಕೊಬ್ಬರಿಯೆಣ್ಣೆಯನ್ನು ಕುಡಿಸುವುದು ನಮ್ಮವರ ಅಭ್ಯಾಸ. ಎಣ್ಣೆ ಕುಡಿದ ಚರ್ಮವು ಮೆತ್ತಗಾಗಿ ಜೋಳಿಗೆಯಂತೆ ಜೋತುಬೀಳುತ್ತದೆ. ಜೇನುಮೇಣವನ್ನು ತುಸು ಬೆಚ್ಚಗೆ ಮಾಡಿ ತೆಳ್ಳಗೆ ತಿಕ್ಕಿ, ಒಂದು ದಿನ ಬಿಟ್ಟು ಒರಸಿದರೆ ಸಾಕು. ಸೀಟಿನ ಮೂಗಿನ ಕೆಳಗಿರುವ ಬೋಲ್ಟನ್ನು ಕಾಲು ಸುತ್ತು ಬಿಗಿದರೆ ಮತ್ತೆ ಸೆಟೆದು ನಿಲ್ಲುತ್ತದೆ.

ಆದರೆ ಚಕ್ರದ ಬೆಂಡು ತೆಗೆಯುವ ವಿದ್ಯೆಯನ್ನು ಮಾತ್ರ ಲೇಖನದಿಂದ ಕಲಿಸಲಾಗುವುದಿಲ್ಲ. ವೇದಕಾಲದಿಂದಲೂ ನಮ್ಮಲ್ಲಿ ಚಕ್ರದ ಅಂಗಗಳಿಗೆ ಹೆಸರುಗಳುಂಟು. ನಡುವಿನ ಗುಂಬವು ನಾಭಿ, ಹೊರಗಿನ ಬಳೆಯು ನೇಮಿ, ನಡುವಿನ ಕಡ್ಡಿಗಳು ಅರಗಳು. ಗಾಡಿಯ ಅರವು ಕಂಬದಂತೆ ನಿಂತು ಭಾರವನ್ನು ಹೊರುತ್ತದೆ. ಬೈಸಿಕಲ್ಲಿನ ತಂತಿಯ ಅರವು ಹಾಗೆ ನಿಂತರೆ ಬಾಗಿಹೋಗುತ್ತದೆ. ಮುಂದೆ ೩೨, ಹಿಂದೆ ೪೦ ತಂತಿಗಳು ನೇಮಿಯನ್ನು ಎಲ್ಲ ದಿಕ್ಕಿನಿಂದಲೂ ಸಮನಾಗಿ ಒಳಕ್ಕೆ ಎಳೆಯುವುದರಿಂದಲೇ ಅದು ದುಂಡಗೆ ನಿಲ್ಲುತ್ತದೆ. ಒಂದು ತಂತಿ ಸಡಿಲಾದರೆ ನೆರೆಯ ತಂತಿಗಳಿಗೆ ಹೊರೆ ಹೆಚ್ಚುತ್ತದೆ, ಚಕ್ರವು ಸೊಟ್ಟಗಾಗುತ್ತದೆ. ಪೇಟೆಯಲ್ಲಿ ನಮಗೆ ಪರಿಚಿತರಾದ ವೃದ್ಧ ಸಾಬರೊಬ್ಬರಿದ್ದಾರೆ. ಗಂಟೆಯ ಬಾಡಿಗೆಗೆ ಸೈಕಲ್ಲು ಕೊಡುತ್ತಿದ್ದ ಅಂಗಡಿಯಲ್ಲಿ ಹುಡುಗರಾಗಿ ಸೇರಿ, ಅರುವತ್ತು ವರ್ಷ ಅದೇ ಕೆಲಸ ಮಾಡಿದವರು. ಚಕ್ರವನ್ನು ಕೈಯಲ್ಲಿ ಹಿಡಿದು ಅವರು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುವರು. ನೋಡುವುದು ಆಮೇಲೆ, ಮೊದಲು ಕೇಳುವುದು. ಸಡಿಲವಾದ ಕಡ್ಡಿಯ ದನಿ ತಗ್ಗು, ಬಿಗಿಯಾದುದರ ದನಿ ಏರು. “ಕಡ್ಡಿ ಎಲ್ಲಾ ಒಂದೇ ರಾಗ ಹೇಳ್ಬೇಕು ಮೇಷ್ಟ್ರೇ, ಆಮ್ಯಾಕೆ ಚಕ್ರ ಕುಣಿಯಾಕಿಲ್ಲ” ಎಂದರು. ವೀಣೆಯ ಶ್ರುತಿ ಮಾಡುವವರಿಗೂ ಇಷ್ಟು ಸೂಕ್ಷ್ಮವಾದ ಕಿವಿ ಇರುವುದನ್ನು ನಾವು ಹೆಚ್ಚಾಗಿ ಕಂಡಿಲ್ಲ.

ಅವರ ಮಕ್ಕಳು ಮೋಟಾರು ಸೈಕಲ್ಲುಗಳ ಕೆಲಸಕ್ಕೆ ಹೋದರು, ಅದು ಸಹಜವೇ. ಪಂಕ್ಚರು ಹಾಕಿ ದೊರೆಯುವ ಕಾಸಿನಲ್ಲಿ ಸಂಸಾರ ನಡೆಯಲಾರದು. ಹಳೆಯ ಬೈಸಿಕಲ್ಲುಗಳಿಗೆ ಲಕ್ಷ ರೂಪಾಯಿ ಕೊಡಲು ಸಿದ್ಧರಾದವರು ಪಟ್ಟಣಗಳಲ್ಲಿದ್ದಾರೆಂದು ಕೇಳುತ್ತೇವೆ. ಅವುಗಳನ್ನು ನಡೆಯಿಸಬಲ್ಲ ಕೈಗಳಿಗೆ ಕೂಲಿ ಕೇಳುವಾಗ ಮಾತ್ರ ಚೌಕಾಸಿ ನಡೆಯುತ್ತದೆ. ಬಿಡಿಭಾಗಗಳು ಇನ್ನೂ ಐವತ್ತು ವರ್ಷ ಗುಜರಿಗಳಲ್ಲಿ ಸಿಕ್ಕಾವು, ಆದರೆ ಆ ಕಿವಿಯು ಸಿಕ್ಕಲಾರದು. ಆದಕಾರಣ ಕಳೆದ ಎರಡು ವರ್ಷಗಳಿಂದ ನಾವು ವಾರಕ್ಕೊಂದು ದಿನ ಅವರ ಬಳಿ ಕುಳಿತು ಕಡ್ಡಿ ಕಟ್ಟುವುದನ್ನು ಕಲಿಯುತ್ತಿದ್ದೇವೆ. ನಮ್ಮೊಡನೆ ನಮ್ಮೂರಿನ ಇಬ್ಬರು ಹುಡುಗರೂ ಬರುತ್ತಾರೆ. ಪಾಣಿನಿಯ ಸೂತ್ರಗಳನ್ನು ಬಾಲ್ಯದಲ್ಲಿ ಉರುಹಚ್ಚಿದ ನಮಗೆ ಈ ವಯಸ್ಸಿನಲ್ಲಿ ಈ ಸೂತ್ರವು ಅಷ್ಟು ಬೇಗ ಕೈಗೆ ಹತ್ತುವುದಿಲ್ಲ. ಹುಡುಗರಲ್ಲಿ ಕಿರಿಯವನಿಗೆ ಮಾತ್ರ ದನಿಯು ಹಿಡಿಯತೊಡಗಿದೆ. ಸಾಬರು ಅವನನ್ನು ಕಂಡರೆ ಚಹಾ ತರಿಸುತ್ತಾರೆ.

ಹಳೆಯದೆಂದರೆ ಎಷ್ಟು ಹಳೆಯದು ಎಂಬ ಪ್ರಶ್ನೆಯನ್ನು ಕೆಲವರು ಕೇಳುವರು. ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರದವರು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲುಗಳನ್ನು ಕೊಡತೊಡಗಿದರು. ಆಗ ಮುಖ್ಯಮಂತ್ರಿಗಳಾಗಿದ್ದವರು ಇದೇ ಹರದನಹಳ್ಳಿಯಲ್ಲಿ ಹುಟ್ಟಿದ ಶ್ರೀ ಕುಮಾರಸ್ವಾಮಿಯವರು. ಏಳನೆಯ ತರಗತಿಗೇ ಓದು ನಿಲ್ಲಿಸುತ್ತಿದ್ದ ಹೆಣ್ಣುಮಕ್ಕಳು ಆ ಬೈಸಿಕಲ್ಲುಗಳ ಮೇಲೆ ಗುಂಪು ಗುಂಪಾಗಿ ಪ್ರೌಢಶಾಲೆಗೆ ಬರುತ್ತಿದ್ದುದನ್ನು ನಾವು ಶಾಲೆಯ ಬಾಗಿಲಲ್ಲಿ ನಿಂತು ಕಂಡವರು. ೨೦೨೦ರಲ್ಲಿ ಮಹಾಮಾರಿಯು ಬಂದು ಶಾಲೆಗಳು ಮುಚ್ಚಿದಾಗ ಆ ಹಂಚಿಕೆಯೂ ನಿಂತಿತು. ಆ ಬೈಸಿಕಲ್ಲುಗಳನ್ನು ಸಂಗ್ರಹಕಾರರು ಯಾರೂ ಕಣ್ಣೆತ್ತಿ ನೋಡರು. ಬಕಪಕ್ಷಿಯಿಲ್ಲ, ಬಂದೂಕಿಲ್ಲ, ಚಿನ್ನದ ಗೆರೆಯಿಲ್ಲ. ಅವು ಈಗ ಒಂದೊಂದಾಗಿ ತಕ್ಕಡಿಗೆ ಏರುತ್ತಿವೆ.

ಈ ಬೇಸಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತವರಿಗೆ ಬಂದವಳು ಅಂತಹುದೊಂದನ್ನು ತಳ್ಳಿಕೊಂಡು ನಮ್ಮ ಕೊಟ್ಟಿಗೆಗೆ ಬಂದಳು. ಅಣ್ಣ ಗುಜರಿಗೆ ಹಾಕಲು ಹೊರಗಿಟ್ಟಿದ್ದನಂತೆ. “ಮೇಷ್ಟ್ರೇ, ಇದಕ್ಕೆ ಬಣ್ಣ ಹೊಡೆಸ್ಲಾ?” ಎಂದು ಕೇಳಿದಳು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿಯ ಬಣ್ಣದಲ್ಲಿ ಅವಳ ಹೆಸರಿತ್ತು, ಅದರ ಮುಂದೆ ‘೮ನೇ ತರಗತಿ’ ಎಂದಿತ್ತು. ಅವಳ ತಂದೆ ಕಡ್ಡಿಯ ತುದಿಯಿಂದ ಬರೆದುದಂತೆ. ತಕಾರದ ಒತ್ತು ತಪ್ಪಾಗಿತ್ತು. “ಬೇಡ ತಾಯಿ, ಹಾಗೇ ಇರಲಿ” ಎಂದೆವು. ಒತ್ತನ್ನು ತಿದ್ದುವ ಅಭ್ಯಾಸವು ಕೈಗೆ ಬಂದರೂ ತಡೆದುಕೊಂಡೆವು. ಹಿಂದಿನ ಹಬ್ಬಿನ ಗುಂಡುಗಳು ಸವೆದಿದ್ದುವು. ಪೇಟೆಯಿಂದ ಹದಿನೆಂಟು ಗುಂಡುಗಳನ್ನು ತರಿಸಿ, ಗ್ರೀಸು ತುಂಬಿ, ಕಿರಿಯ ಹುಡುಗನಿಂದ ಬೆಂಡು ತೆಗೆಸಿ ಕೊಟ್ಟೆವು. ಅವಳು ತನ್ನ ಮಗಳನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆರೆಯ ಏರಿಯ ಮೇಲೆ ಹೋದಳು.